ಯಾರೂ ಒತ್ತದ ಗಂಟೆ

ಕಾಗದನಗರ, ಭದ್ರಾವತಿ
೧೪ ಜುಲೈ ೨೦೨೪, ಭಾನುವಾರ

ನನ್ನ ಕವನಾ,

ನಿನ್ನ ಅಪ್ಪನ ಆಶೀರ್ವಾದ. ಸವಳಂಗ ರಸ್ತೆಯ ಮನೆಯಲ್ಲಿ ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಇಲ್ಲಿಂದ ಶಿವಮೊಗ್ಗಕ್ಕೂ ಕಾಗದವೇ ಎಂದು ನಗಬೇಡ. ನೀನು ಫೋನ್ ಎತ್ತುತ್ತಿಲ್ಲ, ಇದನ್ನಾದರೂ ಒಡೆದು ಓದುತ್ತೀಯ ಎಂದುಕೊಂಡೆ.

ಆ ಗಂಟೆಯ ವಿಷಯಕ್ಕೇ ಅಲ್ಲವೇ ನೀನು ಮುನಿಸಿಕೊಂಡು ಹೋದದ್ದು? ನಿನ್ನ ತಮ್ಮ ಚಂದ್ರಹಾಸ ಗೇಟಿಗೆ ಮಾಡಿಕೊಟ್ಟ ಕರೆಗಂಟೆ. ಹೊರಗೊಂದು ಗುಂಡಿ, ಬೆಂಕಿಪೊಟ್ಟಣದಷ್ಟು ಎಲೆಕ್ಟ್ರಾನಿಕ್ ಬೋರ್ಡು, ಅದರೊಳಗೆ ಅವನೇ ಬರೆದ ಪ್ರೋಗ್ರಾಂ. ಅವನು ತೀರಿಕೊಂಡ ಮೇಲೆ ಅದು ಯಾರೂ ಒತ್ತದೆಯೇ ಹೊಡೆಯತೊಡಗಿತು. ಹೊಡೆದಾಗಲೆಲ್ಲ ನಿಮ್ಮಮ್ಮ ಗೇಟಿನ ಬೀಗದ ಕೈ ಹಿಡಿದು ಓಡುತ್ತಿದ್ದಳು. "ಚಂದ್ರು ಬಂದ ರೀ, ನಂಗೊತ್ತು" ಎನ್ನುತ್ತಿದ್ದಳು. ಕಾಗದದ ಮಿಲ್ಲು ಮುಚ್ಚಿದ ಮೇಲೆ ಅಕ್ಕಪಕ್ಕದ ಕ್ವಾರ್ಟರ್ಸ್ ಎಲ್ಲ ಖಾಲಿ. ರಸ್ತೆಯಲ್ಲಿ ಒಂದು ನಾಯಿಯೂ ಇರುತ್ತಿರಲಿಲ್ಲ. "ಅಮ್ಮಂಗೆ ಹುಚ್ಚು ಹಿಡಿಯುತ್ತೆ ಅಪ್ಪ, ಕಿತ್ತು ಬಿಸಾಕಿ ಅದನ್ನ" ಎಂದು ನೀನು ಹೇಳಿದೆ. ನಾನು ರೇಗಿದೆ. ಸುಳ್ಳೇಕೆ ಹೇಳಲಿ, ಆ ಸದ್ದು ಕೇಳಿದರೆ ನನಗೂ ಅವನೇ ಅನ್ನಿಸುತ್ತಿತ್ತು.

ಮಿಲ್ಲಿನಲ್ಲಿ ಮೋಟಾರು ಬಿಚ್ಚಿ ಕಟ್ಟಿದ ಕೈ ನನ್ನದು. ಪ್ರೋಗ್ರಾಂ ಎಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆದರೂ ಚಂದ್ರುವಿನ ಲ್ಯಾಪ್‌ಟಾಪ್ ತೆಗೆದು, ಯೂಟ್ಯೂಬ್ ನೋಡಿ, ಇನ್ನೊಂದು ಬೋರ್ಡು ತರಿಸಿ, ಒಂದು ಪುಟ್ಟ ದೀಪ ಮಿನುಗಿಸಲು ಕಲಿತೆ. ನಿಮ್ಮಮ್ಮ ನೋಡಿ, "ಅರವತ್ತಕ್ಕೆ ಅರಳು ಮರಳು ಅಂದ್ರೆ ಇದೇ" ಎಂದಳು. ಆಮೇಲೆ ಧೈರ್ಯ ಮಾಡಿ ಅವನ ಪ್ರೋಗ್ರಾಂ ಓದಿದೆ. ಗುಂಡಿ ಒತ್ತದಿರುವಾಗ ಅದರ ತಂತಿ ಎಲ್ಲಿಗೂ ಸೇರದೆ ಅತಂತ್ರವಾಗಿರುತ್ತದೆ. ಸುತ್ತಲಿನ ಕರೆಂಟಿನ ಸುಳಿವನ್ನೇ ಬೆರಳೆಂದು ಬೋರ್ಡು ನಂಬುತ್ತದೆ. ನಾನು ತಂತಿಯ ಹತ್ತಿರ ಕೈ ಒಯ್ದರೂ ಹೊಡೆಯುತ್ತಿತ್ತು. 'ಪುಲ್‌ಅಪ್' ಎಂಬ, ಒತ್ತದಿದ್ದಾಗ ತಂತಿಯನ್ನು ಅಲುಗದಂತೆ ಹಿಡಿದಿಡುವ, ಒಂದೇ ಒಂದು ಪದ ಸೇರಿಸಲು ಮಗ ಮರೆತಿದ್ದ.

ಅವನು ಬರೆದದ್ದನ್ನು ತಿದ್ದಲು ನನ್ನ ಕೈ ಏಳಲಿಲ್ಲ. ಅಮ್ಮನನ್ನು ಕರೆದು ತಂತಿಯ ಆಟ ತೋರಿಸಿದೆ. "ಚಂದ್ರು ಅಲ್ಲ ಮಾರಾಯ್ತಿ, ಬರೀ ತಂತಿ" ಎಂದೆ. ಅವಳು ಬೀಗದ ಕೈಯನ್ನು ಮೊಳೆಗೆ ತೂಗುಹಾಕಿದಳು. "ಸರಿ, ಇನ್ಮೇಲೆ ಎದ್ದು ಹೋಗಲ್ಲ. ಆದ್ರೆ ನಿಲ್ಲಿಸ್ಬೇಡಿ, ಅದರ ಪಾಡಿಗೆ ಹೊಡೀತಿರ್ಲಿ" ಎಂದಳು. ಹಾಗೇ ಬಿಟ್ಟೆ. ಗಂಟೆ ಹೊಡೆಯುವುದು, ನಾವಿಬ್ಬರೂ ಮುಖ ನೋಡಿಕೊಂಡು ಕೂರುವುದು. ಸತ್ತವನ ಸದ್ದಿನ ಜೊತೆ ಬದುಕುವುದು ರೂಢಿಯಾಗಿಬಿಟ್ಟಿತ್ತು.

ನಿನ್ನೆ ಆ ಪದ ಸೇರಿಸಿದೆ. ಗಂಟೆ ಈಗ ತಣ್ಣಗಿದೆ, ಮನೆ ಭಣಗುಡುತ್ತಿದೆ. ಗೇಟಿನ ಬೀಗವನ್ನೂ ತೆಗೆದಿಟ್ಟಿದ್ದೇನೆ. ಒಮ್ಮೆ ಬಂದು ಹೋಗು ಮಗಳೇ. ನಿನ್ನ ಹೊಟ್ಟೆ ತಣ್ಣಗಿರಲಿ, ಮನೆ ತುಂಬಿರಲಿ.

ನಿನ್ನ ಅಪ್ಪ,
ಶೇಷಪ್ಪ

ತಾ.ಕ.: ನಿನ್ನೆಯೇ ಯಾಕೆ ಸೇರಿಸಿದೆ ಎಂದು ಬರೆಯಲಿಲ್ಲ. ಶುಕ್ರವಾರ ಊಟಕ್ಕೆ ಕೂತಿದ್ದಾಗ ಗಂಟೆ ಮತ್ತೆ ಮತ್ತೆ ಹೊಡೆಯಿತು. ಅಮ್ಮ ಏಳಲು ಹೋದಳು. "ಕೂತ್ಕೊ, ಯಾರೂ ಇರಲ್ಲ" ಎಂದು ನಾನೇ ಅವಳ ಕೈ ಹಿಡಿದು ಕೂರಿಸಿದೆ. ಸಂಜೆ ರಸ್ತೆ ತುದಿಯ ಅಂಗಡಿಯ ಸಿದ್ದು, "ಮಗಳು ಬ್ಯಾಗ್ ಹಿಡ್ಕೊಂಡು ಅಷ್ಟೊತ್ತು ಗೇಟಲ್ಲೇ ನಿಂತಿದ್ರಲ್ಲ ಸಾರ್, ಅಳ್ತಾ ಬಸ್ ಹತ್ತಿದ್ರು. ನೀವು ಊರಲ್ಲಿರ್ಲಿಲ್ವಾ?" ಎಂದು ಕೇಳಿದ. ನಾವು ಒಳಗೇ ಇದ್ದೆವು ಕವನಾ. ಗಂಟೆ ಕೇಳಿಸುತ್ತಿತ್ತು.