ನೀವು ಅರೆದುಕೊಟ್ಟ ರಸ, ನಾನು ಬಚ್ಚಿಟ್ಟ ಗುಳಿಗೆ

ಅತ್ತೆಮ್ಮನವರಿಗೆ ಸೊರಬದ ಸೊಸೆ ಮಾಡುವ ನಮಸ್ಕಾರ. ನೀವಿದ್ದಾಗ ಹೇಳಲಾಗದ ಒಂದು ಮಾತಿದೆ.

ಐವತ್ತರ ದಶಕದ ಕೊನೆಯಲ್ಲಿ ತಾಳಗುಂದದ ನಿಮ್ಮ ಮನೆಗೆ ಬಂದಾಗ, ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಮೂರ್ಛೆರೋಗದ ಗುಳಿಗೆಗಳಿದ್ದವು. "ಯಾರ ಹತ್ರಾನೂ ಬಾಯಿ ಬಿಡಬೇಡ ಮಾರಾಯ್ತಿ, ವಾಪಸ್ ಕಳಿಸ್ತಾರೆ," ಎಂದಿದ್ದರು ಅಪ್ಪಯ್ಯ. ಶಿರಾಳಕೊಪ್ಪದ ಸಂತೆಗೆ ಬಂದಾಗಲೆಲ್ಲ ಹೊಸ ಪೊಟ್ಟಣ ಕೈಗಿಡುತ್ತಿದ್ದರು.

ಗುಳಿಗೆಯಿಂದ ನನಗೆ ಸದಾ ಮಂಪರು. ಒಲೆ ಮುಂದೆ ತೂಕಡಿಸಿದ್ದನ್ನು ಕಂಡೂ ನೀವು ಬೈಯಲಿಲ್ಲ. ಮರುದಿನದಿಂದ ಶಂಖಪುಷ್ಪಿ ಅರೆದು, ರಸ ಹಿಂಡಿ, ಲೋಟ ಹಿಡಿದು ಎದುರಿಗೇ ಕೂತಿರಿ. "ಕುಡೀ ಮಗಾ, ತಲೆ ಚುರುಕಾಗ್ತೈತಿ." ಅಷ್ಟು ಅಕ್ಕರೆಗೆ ಬೇಡ ಎನ್ನುವುದು ಹೇಗೆ?

ತಿಂಗಳೊಳಗೆ ಬೀಸುವ ಕಲ್ಲಿನ ಬಳಿ ಬಿದ್ದೆ. ಕಣ್ಣು ಬಿಟ್ಟಾಗ ತಲೆ ನಿಮ್ಮ ತೊಡೆಯ ಮೇಲಿತ್ತು, ಬಾಗಿಲಿಗೆ ಅಗುಳಿ ಹಾಕಿತ್ತು. ಹೊರಗಿಂದ ಕೂಗಿದ ನಿಮ್ಮ ಮಗನಿಗೆ, "ಜಾರಿ ಬಿದ್ದಾಳ, ಹೋಗೋ," ಎಂದಿರಿ. ಅಂದಿನಿಂದ ರಸ ಎರಡು ಹೊತ್ತಾಯಿತು. ನಾನು ಬಿದ್ದಷ್ಟೂ ನೀವು ಹೆಚ್ಚು ಅರೆದಿರಿ, ನೀವು ಅರೆದಷ್ಟೂ...

ನಿಮ್ಮ ಅಕ್ಕನ ಕಾಲು ಮುರಿದು ನೀವು ಅಂಬ್ಲಿಗೊಳಕ್ಕೆ ಹೋದಿರಲ್ಲ, ಆ ಎರಡು ತಿಂಗಳು ರಸವಿರಲಿಲ್ಲ, ಗುಳಿಗೆ ಮಾತ್ರ. ಒಮ್ಮೆಯೂ ಬೀಳಲಿಲ್ಲ. ನೀವು ಮರಳಿದ ಮೇಲೆ ಮತ್ತೆ ಬಿದ್ದೆ. ರಸ ಬೇಡವೆಂದರೆ ಯಾಕೆಂದು ಕೇಳುತ್ತೀರಿ. ಹೇಳಿದರೆ ಗುಳಿಗೆ, ಮದುವೆಗೆ ಮೊದಲೇ ಇದ್ದ ಕಾಯಿಲೆ, ಎಲ್ಲ ಹೊರಬೀಳುತ್ತದೆ. ಬಾಯಲ್ಲೇ ಹಿಡಿದಿಟ್ಟು ಬಚ್ಚಲಲ್ಲಿ ಉಗಿಯತೊಡಗಿದೆ. ಬೀಳುವುದು ನಿಂತಿತು. "ನನ್ನ ರಸಕ್ಕ ಸೊಸಿ ಗೆದ್ದಳು" ಎಂದು ಕೊನೆಯವರೆಗೂ ಕೇರಿಗೆಲ್ಲ ಹೇಳಿದಿರಿ. ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಬೇರೇನು ಮಾಡಲಿ?

ನಿಮ್ಮ ಮೊಮ್ಮಗಳಿಗೂ ಅದೇ ಕಾಯಿಲೆ ಬಂತು. ಶಿಕಾರಿಪುರದ ಡಾಕ್ಟರು ಮೊದಲು ಕೇಳಿದ್ದೇ, "ಸೊಪ್ಪು, ಬೇರು ಏನರ ಕೊಡ್ತೀರೇನ್ರೀ?" ಎಂದು. ಗುಳಿಗೆಯನ್ನು ಕರಗಿಸಿ ಹೊರಹಾಕುವ ಕಿಣ್ವಗಳು ಲಿವರಿನಲ್ಲಿವೆಯಂತೆ. ಕೆಲವು ಗಿಡಮೂಲಿಕೆ ಅವುಗಳನ್ನು ಚುರುಕು ಮಾಡಿದರೆ ಗುಳಿಗೆ ಬೇಗ ಖಾಲಿ. ಕೆಲವು ತಡೆದರೆ ಗುಳಿಗೆಯೇ ಮೈಯಲ್ಲಿ ಉಳಿದು ವಿಷ. ಶಂಖಪುಷ್ಪಿ? "ಲಿವರಿನಾಗೋ ಬೇರೆಲ್ಲೋ, ಈ ಗುಳಿಗಿ ಬಲ ತಗ್ಗಿಸ್ತೈತ್ರೀ," ಎಂದರು. ಅಂದು ನಾನು ಒಂದು ಮಾತು ಹೇಳಿದ್ದರೆ ನೀವೇ ಅರೆಯುವುದನ್ನು ಬಿಡುತ್ತಿದ್ದಿರಿ, ಅಲ್ಲವೇ?

ಹೋದ ವಾರ ಅವಳನ್ನು ನೋಡಲು ಗಂಡಿನವರು ಬಂದಿದ್ದರು. ಕಾಯಿಲೆಯ ಮಾತೆತ್ತಬೇಡವೆಂದು ಮನೆಯವರೆಲ್ಲ ಬೇಡಿಕೊಂಡರು. ಎತ್ತಿದೆ ಅತ್ತೆಮ್ಮ. ಹುಡುಗನ ತಾಯಿ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆಮೇಲೆ, "ಆ ಗುಳಿಗಿ ಹೆಸರು ಬರಕೊಡ್ರಿ, ನಮ್ಮನ್ಯಾಗೂ ಗೊತ್ತಿರ್ಲಿ," ಎಂದರು.