ಮುನ್ನೂರು ಸೆಕೆಂಡು

ಆಸ್ಪತ್ರೆ ಕ್ಯಾಂಟೀನ್, ಕಿಟಕಿ ಪಕ್ಕದ ಮೇಜು
ಗುರುವಾರ, ೧೪ನೇ ತಾರೀಖು

ಪ್ರೀತಿಯ ಅಕ್ಕಾ,

ಹಾಗಾಗಿ ತಪ್ಪು ಫ್ರಿಜ್ಜಿನದಲ್ಲ, ಅದನ್ನೇ ಹೇಳ್ತಾ ಇದ್ದೆ. ನೀನು ನಂಬರ್ ಬದಲಾಯಿಸಿದ ಮೇಲೂ ಮನಸ್ಸಲ್ಲೇ ನಿನ್ನ ಜೊತೆ ಚಾಟ್ ಮಾಡ್ತಾ ಇರ್ತೀನಿ, ಅದಕ್ಕೇ ನಡುವಿಂದ ಶುರುವಾಯ್ತು. ಮೊದಲು ನೀನು ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯ್ತಾ? ಅಮ್ಮ ಪರವಾಗಿಲ್ಲ. ಅಪ್ಪ ನಿನ್ನ ಹೆಸರೆತ್ತಿದರೆ ಈಗಲೂ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ, ಆದರೆ ನಿನ್ನ ಚಪ್ಪಲೀನ ಇದ್ದ ಜಾಗದಿಂದ ಯಾರೂ ಎತ್ತೋ ಹಾಗಿಲ್ಲ.

ನೀನು ಮ್ಯಾನೇಜರ್ ಮುಖಕ್ಕೆ ರಾಜೀನಾಮೆ ಎಸೆದು ಅದೇ ವಾರ ಮನೆನೂ ಬಿಟ್ಟೆಯಲ್ಲ, ಆಗಿಂದ ಆಸ್ಪತ್ರೆ ನೆಟ್‌ವರ್ಕ್ ನೋಡ್ಕೊಳ್ಳೋದು ನಾನೇ. ನಿನ್ನ ಸೆಟ್ಟಿಂಗ್ ಎಲ್ಲಾ ನನಗೆ ಬಾಯಿಪಾಠ. ಆದರೂ ರಕ್ತನಿಧಿಯ ಫ್ರಿಜ್‌ಗೆ ಮಾತ್ರ ನೀನು ಐಡಲ್ ಟೈಮ್‌ಔಟೇ ಇಟ್ಟಿಲ್ಲದ್ದು ನೋಡಿ ನಕ್ಕುಬಿಟ್ಟೆ. ಮಾತಿಲ್ಲದ ಲೈನನ್ನ ನೆಟ್‌ವರ್ಕ್ ಕಾಯೋ ಫೈರ್‌ವಾಲ್ ದಿನಗಟ್ಟಲೆ ಕತ್ತರಿಸದೆ ಇಟ್ಕೋಬೇಕಾ ಅಂತ ನಮ್ಮ ನೆಟ್‌ವರ್ಕ್ ಕೆಲಸದವರ ಗ್ರೂಪ್‌ನಲ್ಲಿ ಕೇಳಿದೆ. "ಯಾವ ಅಜ್ಜಿ ಕಾಲದ ಸೆಟ್ಟಿಂಗ್ ಗುರು ಇದು, ಮುನ್ನೂರು ಸೆಕೆಂಡು ಹಾಕು" ಅಂದ್ರು. ಆ ಮಾತಿಗೆ ಮೂವತ್ತೆರಡು ಲೈಕ್. ಹಾಕಿದೆ.

ಆ ಫ್ರಿಜ್ ಬಿಸಿಯಾದರೆ ಮಾತ್ರ ಬಾಯಿ ಬಿಡೋ ಜಾತಿ ಅಂತ ನನ್ನ ಮಂಡೆಗೆ ಹೊಳೀಲಿಲ್ಲ. ಚೆನ್ನಾಗಿದ್ದಷ್ಟು ದಿನ ಅದು ಗಪ್‌ಚುಪ್. ಭಾನುವಾರ ಮಧ್ಯಾಹ್ನ ಕಂಪ್ರೆಸರ್ ಕೈಕೊಟ್ಟಿತು. ಅದು ಕೂಗಿದೆ ಅಕ್ಕಾ, ಹನ್ನೊಂದು ಸಲ ಕೂಗಿದೆ, ಅದರ ಲಾಗ್‌ನಲ್ಲಿ ಇದೆ. ಮುನ್ನೂರು ಸೆಕೆಂಡು ಸುಮ್ಮನಿದ್ದದ್ದಕ್ಕೆ ಲೈನ್ ಎಂದೋ ಕಡಿದುಹೋಗಿತ್ತು, ಡ್ಯೂಟಿ ಮೇಜಿಗೆ ಒಂದೂ ಬರಲಿಲ್ಲ. ನಲವತ್ತು ಚೀಲ ರಕ್ತ ಹಾಳು. ಹೆರಿಗೆಗೆ ಬಂದಿದ್ದ ಒಬ್ಬಳಿಗೆ ಬೇರೆ ಕಡೆಯಿಂದ ತರಿಸೋ ಹೊತ್ತಿಗೆ ಅವಳ ತುಟಿಯೆಲ್ಲ ಬಿಳಿಚಿಕೊಂಡಿತ್ತಂತೆ. ಬದುಕಿದಳು. ರಕ್ತನಿಧಿಯ ಸಿಸ್ಟರ್ ಎಲ್ಲರ ಮುಂದೆ ಕೇಳಿದ್ರು, "ಸುಮ್ಮನಿದ್ದವರನ್ನ ಸತ್ತವರು ಅಂದ್ಕೊಂಡ ಪುಣ್ಯಾತ್ಮ ಯಾರಪ್ಪ?"

ಈ ಪತ್ರ ನಿನ್ನ ಗೆಳತಿ ಕೈಲಿ ಕೊಡ್ತಿದ್ದೀನಿ. ವಿಳಾಸ ಹೇಳಲ್ಲ, ನಾಳೆನೇ ತಲುಪಿಸ್ತೀನಿ ಅಂದಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣಬೇಕು ಅಂತ ಬರೆಯೋಕೆ ಅಮ್ಮ ಹೇಳಿದ್ದಾಳೆ.

ನಿನ್ನ ಬಾಲ

ತಾ.ಕ.: ಮೇಲೆ ಬರೆಯೋಕೆ ಕೈ ಬರಲಿಲ್ಲ. ಫೈರ್‌ವಾಲ್ ಮುಟ್ಟೋ ಅಧಿಕಾರ ನನ್ನ ಲಾಗಿನ್‌ಗೆ ಇರಲಿಲ್ಲ. ನಿನ್ನ ಲಾಗಿನ್ ಇನ್ನೂ ತೆಗೆದಿರಲಿಲ್ಲ, ಪಾಸ್‌ವರ್ಡ್ ನೀನೇ ಹೇಳಿದ್ದೆ. ಮನೆಯಿಂದ ಅದರಲ್ಲೇ ಒಳಗೆ ಹೋದೆ. ಈಗ ಲಾಗ್‌ನಲ್ಲಿ ಇರೋದು ನಿನ್ನ ಹೆಸರು. ಸೇಡಿಗೆ ಹೊರಗಿಂದ ಕೈಯಾಡಿಸಿದ್ದಾಳೆ ಅಂತ ಮ್ಯಾನೇಜರ್ ವರದಿ ಬರೆದಾಗಿದೆ. ನಾನೇ ಮಾಡಿದ್ದು ಅಂದ್ರೆ "ಅಕ್ಕನ್ನ ಉಳಿಸೋ ನಾಟಕ ಬೇಡ" ಅಂತಾರೆ. ಗ್ರೂಪ್‌ನಲ್ಲಿ ಕೇಳಿದ್ದನ್ನ ಹೆದರಿ ಅಳಿಸಿಬಿಟ್ಟೆ. ಅಪ್ಪನೂ "ಅವಳು ಮಾಡಿದ್ರೂ ಮಾಡಿರ್ತಾಳೆ" ಅಂದುಬಿಟ್ರು. ಸೋಮವಾರ ಹತ್ತಕ್ಕೆ ವಿಚಾರಣೆ. "ಪಾಸ್‌ವರ್ಡ್ ನಾನೇ ಕೊಟ್ಟಿದ್ದೆ, ಮಾಡಿದ್ದು ಈ ಕತ್ತೆ" ಅಂತ ನೀನೇ ಹೇಳಬೇಕು. ಬಂದು ನನ್ನ ಕಡೆ ಬೆರಳು ತೋರಿಸ್ತೀಯಾ, ಇಲ್ಲ ನನ್ನ ತಪ್ಪನ್ನ ನಿನ್ನ ಹೆಸರಲ್ಲೇ ಇಟ್ಕೊಂಡು ಕೂತ್ಕೋತೀಯಾ?