ದ್ವೀಪದಿಂದ ಬಂದ ಬೂದಿ

ಮಲ್ಲಣ್ಣಾ,

ಇವತ್ತು ನೀನು ಜರ್ಮನಿಯ ಹ್ಯಾನೋವರಿಗೆ ಬಂದೆ. ಹಡಗಿಳಿದು ತಮ್ಮನ ಮನೆ ನೋಡಲು ಬರುತ್ತೇನೆ ಎಂದಿದ್ದೆಯಲ್ಲ, ಹಾಗೆ ಬರಲಿಲ್ಲ. ಫ್ರೌ ಟೀಡೆಮನ್ ಎಂಬ ಮುದುಕಿ ನಿನ್ನನ್ನು ಒಂದು ಡಬ್ಬಿಯಲ್ಲಿ ತಂದುಕೊಟ್ಟರು.

ನೀನು ಎದೆನೋವಿನಿಂದ ತೀರಿಕೊಂಡ ಆ ಅಟ್ಲಾಂಟಿಕ್ ದ್ವೀಪದಲ್ಲಿ ಅವರದು ನಾಲ್ಕು ತಲೆಮಾರಿನ ವ್ಯಾಪಾರದ ಮನೆತನ. ಹಡಗುಗಳಿಗೆ ದಿನಸಿ, ಎಣ್ಣೆ ಮಾರುತ್ತಲೇ ಜರ್ಮನಿಯ ಪ್ರತಿನಿಧಿಗಳಾಗಿ ಕಾನ್ಸುಲ್ ಕೆಲಸವನ್ನೂ ನೋಡಿಕೊಂಡು ಬಂದವರು. ಅಲ್ಲಿ ಸತ್ತ ಪರದೇಶದ ನಾವಿಕರಿಗೆಲ್ಲ ಅವರೇ ದಿಕ್ಕು.

"ಎಲ್ಲರನ್ನೂ ನಮ್ಮ ತೋಟದ ಪಕ್ಕವೇ ಹೂಳುತ್ತೇವೆ. ನಿಮ್ಮ ಅಣ್ಣ ಹಿಂದೂ ಅಂತ ಅವರನ್ನು ಮಾತ್ರ ದೋಣಿಯಲ್ಲಿ ದೊಡ್ಡ ದ್ವೀಪಕ್ಕೆ ಒಯ್ದು ಸುಡಿಸಿದೆವು. ಎಲ್ಲ ಸರಿಯಾಗಿ ಆಯಿತಲ್ಲ?" ಎಂದು ಕೇಳಿದರು.

"ಆಯಿತು, ಡಾಂಕೆ" ಎಂದು ಅವರ ಭಾಷೆಯಲ್ಲೇ ಧನ್ಯವಾದ ಹೇಳಿದೆ.

ಅವರು ತಮ್ಮ ರೂಢಿಯಂತೆ ಮಾಡಿದ್ದರೆ ನಿನಗೂ ಮಣ್ಣು ಸಿಗುತ್ತಿತ್ತು. ಮೊದಲ ಸಲ ಫೋನಿನಲ್ಲಿ "ಹಿಂದೂ ತಾನೆ?" ಎಂದಾಗ ನಾನು ಹೌದೆಂದುಬಿಟ್ಟಿದ್ದೆ. ಕಂಪ್ಯೂಟರ್ ಕೆಲಸಕ್ಕೆಂದು ಜರ್ಮನಿಯವರು ಕೊಟ್ಟ ಗ್ರೀನ್ ಕಾರ್ಡ್ ಮೇಲೆ ಇಲ್ಲಿಗೆ ಬಂದಾಗಿನಿಂದ ಯಾರು ಕೇಳಿದರೂ ಅಷ್ಟೇ ಹೇಳುವುದು. ನಾವು ಲಿಂಗಾಯತರು, ನಮ್ಮಲ್ಲಿ ಸುಡುವುದಿಲ್ಲ ಎಂದು ವಿವರಿಸಲು ಯಾರಿಗೆ ಪುರಸೊತ್ತು?

ಸಂಜೆ ಅವ್ವ ಫೋನ್ ಮಾಡಿದ್ದಳು. "ಮಣ್ಣು ಛಲೋ ಮಾಡಿದ್ರೇನೋ? ಅಂಗೈಯಾಗ ಲಿಂಗ ಇಟ್ರೇನು?"

"ಇಟ್ಟಾರ ಬೇ."

ನಿನ್ನ ಕೊರಳಿನ ಲಿಂಗವನ್ನು ಮುದುಕಿ ಮೊದಲೇ ತೆಗೆದಿಟ್ಟಿದ್ದರು, ಬೆಂಕಿಯಲ್ಲಿ ಹಾಳಾಗದಿರಲಿ ಎಂದು. ಕರವಸ್ತ್ರದಲ್ಲಿ ಸುತ್ತಿ ಕೊಟ್ಟುಹೋದರು. ಈಗ ಅದು ನನ್ನ ಅಂಗೈಯಲ್ಲಿದೆ.

ಎಲ್ಲಿಡಲಿ, ಅಣ್ಣಾ? ನಿನ್ನ ಕೈಯೇ ಇಲ್ಲವಲ್ಲ.